ಸಾಸಿವೆ ಗಾತ್ರದ ಜೇಡ, ಮೂರು ಊರಿನ ಫಜೀತಿ

ಜೇಡದ ಸಂಶೋಧಕ ಅಂತ ಒಮ್ಮೆ ಹೇಳಿಕೊಂಡರೆ ಸಾಕು, ಫಜೀತಿಗಳು ವಿಳಾಸ ಕೇಳಿಕೊಂಡು ಮನೆಗೇ ಬರುತ್ತವೆ. ಎರಡು ಸಾವಿರದ ಹದಿನಾಲ್ಕು-ಹದಿನೈದರ ಮಾತು. ಆಫ್ರಿಕಾದ ಒಂದು ಬೆಟ್ಟದ ಕಾಡಿನಲ್ಲಿ, ಪಾಚಿಯ ಅಡಿ ಸಿಕ್ಕ ಕುಬ್ಜ ಜೇಡಗಳು ಪರ್ತ್‌ನಲ್ಲಿದ್ದ ನನ್ನ ಮೇಜಿಗೆ ಬಂದಿದ್ದವು. ಎರಡು ಮಿಲಿಮೀಟರ್ ಉದ್ದ. ಎಲ್ಲವೂ ಸತ್ತು, ಸ್ಪಿರಿಟ್ ತುಂಬಿದ ಪುಟ್ಟ ಶೀಶೆಗಳಲ್ಲಿ ಮಲಗಿದ್ದವು. ಅವನ್ನು ವರ್ಣಿಸಿ, ಯಾವ ಕುಲಕ್ಕೆ, ಅಂದರೆ ಜೀನಸ್‌ಗೆ, ಸೇರಿದವು ಅಂತ ಹೇಳುವುದು ನನ್ನ ಕೆಲಸ.

ಕಾರಿನೊಳಗೆ

ಒಂದು ಶನಿವಾರ ಪರ್ತ್‌ನ ಕ್ಯಾನಿಂಗ್ ವೇಲ್ ಬಡಾವಣೆಯಲ್ಲಿ ನಮ್ಮ ಪಕ್ಕದ ಮನೆಯ ಮಂಗಳೂರಿನ ಆಂಟಿ ಬಾಗಿಲು ತಟ್ಟಿದರು. "ನೀವು ಜೇಡದವರಲ್ವಾ ಮಾರಾಯ್ರೇ? ಕಾರಲ್ಲಿ ಒಂದು ಕೂತಿದೆ, ಸ್ವಲ್ಪ ತೆಗೀರಿ."

ಎದೆಯುಬ್ಬಿಸಿಕೊಂಡು ಹೋದೆ. ಸ್ಟೀರಿಂಗ್ ಮೇಲೆ ಅಂಗೈ ಅಗಲದ ಬೇಟೆಗಾರ ಜೇಡ, ಹಂಟ್ಸ್‌ಮನ್! ಅದು ಒಂದು ಕಾಲು ಅಲುಗಿಸಿತು. ನಾನು ಗೇಟಿನಾಚೆ ಇದ್ದೆ. ಕೊನೆಗೆ ಆಂಟಿಯೇ ಐಸ್‌ಕ್ರೀಮ್ ಡಬ್ಬ ಕವುಚಿ, ಅಡಿಗೆ ಒಂದು ರಟ್ಟು ತೂರಿಸಿ, ಬೇಲಿಯ ಮೇಲೆ ಬಿಟ್ಟು ಬಂದರು.

"ಬೇಜಾರು ಮಾಡ್ಕೊಳ್ಬೇಡಿ," ಅಂದರು. "ನಿಮ್ಮ ಸಿಲಬಸ್ಸಲ್ಲಿ ಜೀವ ಇರೋದು ಬಂದಿಲ್ಲ, ಅಷ್ಟೇ."

ಎಡಗೈ

ಈ ಜೇಡಗಳ ಗುರುತೆಲ್ಲ ಗಂಡಿನ ಮುಖದ ಪಕ್ಕದ ಎರಡು ಪುಟ್ಟ ಕೈಗಳಲ್ಲಿ. ರೂಢಿಯಂತೆ ಎಡಗೈ ಬಿಡಿಸಿ ಫೋಟೋ ತೆಗೆಯಬೇಕು. ಅದಕ್ಕೆ ಬೇಕಾದ ದೊಡ್ಡ ಮೈಕ್ರೋಸ್ಕೋಪು ಬ್ರಿಸ್ಬೇನ್‌ನ ಫೋರ್ಟಿಟ್ಯೂಡ್ ವ್ಯಾಲಿಯ ಒಂದು ಲ್ಯಾಬಿನಲ್ಲಿತ್ತು. ನನ್ನ ಬಳಿ ಮುಕ್ಕಾಗದ ಗಂಡು ಇದ್ದದ್ದು ಒಂದೇ ಒಂದು. ಉಸಿರು ಬಿಗಿಹಿಡಿದು ಕೈ ಬಿಡಿಸಿದೆ. ಆಮೇಲೆ ಸೀನಿದೆ.

ಕೈ ಮಾಯ. ಲ್ಯಾಬಿನಲ್ಲಿದ್ದ ನಾವು ನಾಲ್ಕು ಜನ ಅರ್ಧ ಗಂಟೆ ಮಂಡಿಯೂರಿ ನೆಲ ಹುಡುಕಿದೆವು. ನನಗಂತೂ ಅಳುವೊಂದು ಬಾಕಿ. ಕಸ ಗುಡಿಸಲು ಬಂದ ಹೆಂಗಸು ಬಾಗಿಲಲ್ಲೇ ನಿಂತು, "ಕಾಂಟ್ಯಾಕ್ಟ್ ಲೆನ್ಸಾ?" ಅಂತ ಕೇಳಿದಳು.

"ಅಲ್ಲ. ಜೇಡದ ಕೈ."

ಅವಳಿಗೆ ನಗು ಬರಲಿಲ್ಲ. "ಎಡಗೈಯೋ ಬಲಗೈಯೋ?"

"ಎಡಗೈ."

"ಹಾಗಾದ್ರೆ ಬಲಗೈ ಇದೆ ತಾನೇ?"

ಅದು ಯಾರಿಗೂ ಹೊಳೆದಿರಲಿಲ್ಲ. ನಾಲ್ವರಲ್ಲಿ ಮೂವರು ಪಿಎಚ್‌ಡಿ.

ಒಂದೇ ಕುಲ

ಅಡಿಲೇಡ್‌ನ ಸಮ್ಮೇಳನದಲ್ಲಿ, ಒಂದಲ್ಲ, ಎರಡು ಹೊಸ ಕುಲ ಕಂಡುಹಿಡಿದಿದ್ದೇನೆ ಅಂತ ಘೋಷಿಸಿದೆ. ಒಂದರ ತಲೆಯ ಮೇಲೆ ಗೋಪುರದಂಥ ಗುಬುಟು, ಇನ್ನೊಂದರ ತಲೆ ನುಣ್ಣಗೆ. ಚಪ್ಪಾಳೆ ಬಿತ್ತು. ಮುಂದಿನ ಸಾಲಿನ ನಿವೃತ್ತ ಪ್ರೊಫೆಸರಮ್ಮ ಕೈ ಎತ್ತಿದರು.

"ಗುಬುಟಿನ ಕುಲದಲ್ಲಿ ಹೆಣ್ಣು ಸಿಕ್ಕಿದೆಯಾ?"

"ಇಲ್ಲ ಮೇಡಂ, ಬರೀ ಗಂಡು."

"ನುಣ್ಣನೆಯದರಲ್ಲಿ ಗಂಡು?"

"ಇಲ್ಲ. ಬರೀ..." ಅಷ್ಟರಲ್ಲಿ ನನಗೇ ಅರ್ಥವಾಯಿತು. ಸಭೆ ಬಿದ್ದು ಬಿದ್ದು ನಕ್ಕಿತು. ಒಂದೇ ಬೆಟ್ಟ, ಒಂದೇ ಪಾಚಿ. ಗಂಡ ಹೆಂಡತಿಯನ್ನು ಎರಡು ವರ್ಷದಿಂದ ಬೇರೆ ಬೇರೆ ಕಪಾಟಿನಲ್ಲಿಟ್ಟಿದ್ದೆ!

ಸಂಜೆ ಗ್ಲೆನೆಲ್ಗ್‌ನ ಕಡಲತೀರದ ಜೆಟ್ಟಿಯ ಮೇಲೆ ಪೆಚ್ಚಾಗಿ ಕೂತು ಮೈಸೂರಿಗೆ, ಅಮ್ಮನಿಗೆ ಫೋನ್ ಮಾಡಿದೆ.

"ಎರಡೂ ಬೇರೆ ಬೇರೆ ಕುಲ ಅಂದ್ಕೊಂಡ್ಬಿಟ್ಟಿದ್ದೆ ಅಮ್ಮ. ನೋಡಿದ್ರೆ ಗಂಡ ಹೆಂಡ್ತಿ. ಇಬ್ಬರದೂ ಒಂದೇ ಕುಲ."

"ಒಂದೇನಾ? ಸರಿಯಾಗಿ ವಿಚಾರಿಸಿದ್ಯಾ?"

"ಹೂಂ. ಇನ್ನು ಹಾಗೇ ಪ್ರಿಂಟ್ ಮಾಡಿಸ್ಬೇಕು. ಪ್ರಪಂಚಕ್ಕೆಲ್ಲ ಗೊತ್ತಾಗತ್ತೆ."

"ಬೇಡ ಕಣೋ," ಅಮ್ಮನ ದನಿ ತಗ್ಗಿತು. "ಸಗೋತ್ರ ಅಂತ ಗೊತ್ತಿಲ್ದೆ ಮದುವೆ ಆಗ್ಬಿಟ್ಟಿದಾವೆ, ಪಾಪ. ನೀನು ಮೊದ್ಲಿನ ಥರ ಎರಡು ಕುಲ ಅಂತ್ಲೇ ಬರ್ದುಬಿಡು. ಯಾಕೆ ಸುಮ್ನೆ ಒಂದು ಸಂಸಾರ ಒಡೀತೀಯಾ?"