ಡೆಲ್ಮರ್ ಲೆಕ್ಕಕ್ಕಿಲ್ಲ ಎಂದು ಬರೆದ ವಕೀಲರಿಗೆ

ಮಾನ್ಯ ವಕೀಲ ವಿಟ್ಲಾಕ್ ಅವರೇ,

ಕೆಂಟಕಿಯ ಬೆಟ್ಟದ ಸಂದಿಯಲ್ಲಿ ಶಾಲೆಯ ಬಸ್ಸು ಓಡಿಸುವ ಆರ್ಫಾ ಸ್ಟಿಡಮ್ ಎಂಬವಳ ಅನಂತ ವಂದನೆಗಳು. ತಾವೂ, ತಮ್ಮ ಕಕ್ಷಿದಾರರಾದ ಮೆಟ್ಟಿಲು ಕುರ್ಚಿಯ ಕಂಪನಿಯವರೂ ಕ್ಷೇಮವೆಂದು ನಂಬಿದ್ದೇನೆ.

ಕಲ್ಲಿದ್ದಲ ಗಣಿಯ ಧೂಳಿಗೆ ಮುಕ್ಕಾಲು ಉಸಿರು ತೆತ್ತ ನನ್ನ ಗಂಡ ಹೋಬರ್ಟ್, ಕುಳಿತಲ್ಲೇ ಮಹಡಿ ಹತ್ತಿಸುವ ತಮ್ಮವರ ಕುರ್ಚಿಯನ್ನು ಕೊಂಡರು. ನಿಧಾನವಾಗಿ ಮೇಲೇರುತ್ತಿದ್ದ ಅದು ನಡುವೆ ಹಳಿ ಕಳಚಿ ಒಂದೇ ಕ್ಷಣದಲ್ಲಿ ಅವರನ್ನು ಕೆಳಗೆ ತಲುಪಿಸಿತು. ಆ ವೇಗವನ್ನು ಮೆಚ್ಚಲೇಬೇಕು. ಸೊಂಟ ಮುರಿಯಿತು.

ಕಂಪನಿಯ ಮೇಲೂ, ಕುರ್ಚಿ ಕೂರಿಸಿದ ನಮ್ಮೂರ ಡೆಲ್ಮರ್ ಫ್ಯೂಗೇಟ್ ಮೇಲೂ ನಮ್ಮ ಕೌಂಟಿ ಕೋರ್ಟಿನಲ್ಲಿ ದಾವೆ ಹೂಡಿದೆ. ಅದನ್ನು ತಾವು ಬೆಕ್ಕು ಮರಿಯನ್ನು ಕಚ್ಚಿಕೊಂಡು ಹೋಗುವಂತೆ ಎತ್ತಿ, ಎರಡು ತಾಸು ದೂರದ ಫೆಡರಲ್ ಕೋರ್ಟಿನಲ್ಲಿ ಇಳಿಸಿದಿರಿ. ವಾದಿ, ಪ್ರತಿವಾದಿಗಳು ಬೇರೆ ಬೇರೆ ರಾಜ್ಯದವರಾದರೆ ಮಾತ್ರ ಇಂಥ ದಾವೆ ಅಲ್ಲಿಗೆ ಹೋಗುವುದಂತೆ. ಕಂಪನಿ ಪರರಾಜ್ಯದ್ದು, ಡೆಲ್ಮರ್ ಒಬ್ಬನೇ ನಮ್ಮ ರಾಜ್ಯದವನು, ಅವನನ್ನು ದಾವೆ ಇಲ್ಲೇ ಉಳಿಯಲೆಂದು ಸುಮ್ಮನೆ ಸೇರಿಸಲಾಗಿದೆ, ಅವನು ಲೆಕ್ಕಕ್ಕಿಲ್ಲ ಎಂದು ನಲವತ್ತು ಪುಟ ಬರೆದ ತಮ್ಮ ಪಾಂಡಿತ್ಯಕ್ಕೆ ಶರಣು.

ಹೋಬರ್ಟ್ ಮಾತ್ರ, "ಆಕ್ಸಿಜನ್ ಸಿಲಿಂಡರ್ ಕಟ್ಕೊಂಡು ಅಷ್ಟು ದೂರ ಆಗಲ್ಲ ಕಣೇ. ನನಗಿರೋ ಉಸಿರಲ್ಲಿ ಒಂದೇ ಸಲ ಹೇಳಕ್ಕಾಗೋದು. ಅದು ನಮ್ಮೂರೋರ ಮುಂದೇನೇ ಆಗ್ಲಿ" ಎಂದರು. ಆದ್ದರಿಂದ ನಡುವಿನ ಬೆಟ್ಟಗಳನ್ನು ತುಸು ಪಕ್ಕಕ್ಕೆ ಸರಿಸಿಕೊಡಬೇಕೆಂದು ತಮ್ಮನ್ನು ಬೇಡಿಕೊಳ್ಳುವುದರಲ್ಲಿದ್ದೆ.

ಅಷ್ಟರಲ್ಲಿ ತಮ್ಮ ಆ ನಲವತ್ತು ಪುಟ ಓದಿದ ಡೆಲ್ಮರ್ ನಮ್ಮ ಅಂಗಳಕ್ಕೆ ನುಗ್ಗಿದ. "ಲೆಕ್ಕಕ್ಕಿಲ್ವಂತೆ ನಾನು! ಆ ಹಳಿಗೆ ಬೋಲ್ಟು ಹಾಕಿದ್ದು ನಾನಲ್ದೆ ಅವರಜ್ಜನಾ? ಆರ್ಫಕ್ಕಾ, ನನ್ಮೇಲಿನ ಕೇಸು ಬಿಟ್ಟೀಯಾ ಮತ್ತೆ!"

ಚರ್ಚಿಗೆ ಹೋಗುವ ಕೋಟು ತೊಟ್ಟು ಫೆಡರಲ್ ಕೋರ್ಟಿಗೂ ಬಂದ. ಅವನ ವಕೀಲರು ಕೋಟಿನ ತುದಿ ಜಗ್ಗುತ್ತಿದ್ದರೂ ಎದ್ದು ನಿಂತ. "ಸ್ವಾಮಿ, ಎಂಟು ಬೋಲ್ಟು ಬೇಕಿತ್ತು, ಕಂಪನಿಯೋರು ಕಳಿಸಿದ್ದು ಆರು. ಫೋನ್ ಮಾಡಿದ್ರೆ, ಸಾಕು ಹಾಕಯ್ಯ ಅಂದ್ರು. ಹಾಕ್ದೆ. ತಪ್ಪು ನಂದೂ ಇದೆ."

ತಾವು ಆಗ ಕುಡಿಯುತ್ತಿದ್ದ ನೀರು ನೆತ್ತಿಗೇರಿದ್ದಕ್ಕೆ ವಿಷಾದಿಸುತ್ತೇನೆ. ಡೆಲ್ಮರ್ ಲೆಕ್ಕಕ್ಕಿದ್ದಾನೆಂದು ನ್ಯಾಯಾಧೀಶರು ಬರೆಸಿ, ದಾವೆಯನ್ನು ನಮ್ಮ ಕೌಂಟಿಗೆ ಮರಳಿಸಿದರು.

ಉಸಿರನ್ನು ನೆಚ್ಚಿಕೊಳ್ಳುವಂತಿಲ್ಲವೆಂದು ಹೋಬರ್ಟ್ ಸಾಕ್ಷ್ಯವನ್ನು ಕಳೆದ ಮಂಗಳವಾರವೇ ಇಲ್ಲಿ ದಾಖಲಿಸಿಕೊಂಡರು. ಉಸಿರಿಗಾಗಿ ನಾಲ್ಕು ಸಲ ಮಾತು ನಿಲ್ಲಿಸಿ, ಹದಿನೇಳು ನಿಮಿಷ ಹೇಳಿದರು. ಊರಿಗೆ ಊರೇ ಬೆಂಚಿನಲ್ಲಿತ್ತು, ಒಬ್ಬರೂ ಕೆಮ್ಮಲಿಲ್ಲ. ಕುರ್ಚಿ ಏಕೆ ಕೊಂಡಿರೆಂದು ತಾವು ಕೇಳಿದಿರಿ. "ಹತ್ತೋಕೆ ಸಾರ್. ಬೀಳೋದು ನಂಗೆ ಮೊದ್ಲೇ ಬರ್ತಿತ್ತು" ಎಂದರು. ತಾವೂ ನಕ್ಕಿರಿ. ಅದನ್ನು ನಾನು ಮರೆಯುವುದಿಲ್ಲ. ಆ ರಾತ್ರಿ ಅವರು ಬಹಳ ದಿನಗಳ ಮೇಲೆ ಒಂದೇ ನಿದ್ದೆಯಲ್ಲಿ ಬೆಳಗು ಮಾಡಿದರು.

ಮುಂದಿನ ತಿಂಗಳ ವಿಚಾರಣೆಗೆ ತಮ್ಮ ದಾರಿ ಕಾಯುವ,
ತಮ್ಮ ವಿಶ್ವಾಸಿ,
ಆರ್ಫಾ ಸ್ಟಿಡಮ್

ತಾ.ಕ.: ನಿನ್ನೆಗೆ ದಾವೆ ಹೂಡಿ ವರ್ಷ ತುಂಬಿತು. ವರ್ಷ ದಾಟಿದ ಇಂಥ ದಾವೆಯನ್ನು ಇನ್ನು ಫೆಡರಲ್ ಕೋರ್ಟಿಗೆ ಒಯ್ಯುವಂತಿಲ್ಲವಂತೆ. ಆ ಸಂತೋಷಕ್ಕೆ ಡೆಲ್ಮರನ ಹೆಂಡತಿ ಸೇಬಿನ ಕೇಕು ಮಾಡಿದ್ದಳು. ತಮ್ಮ ತುಂಡು ಎತ್ತಿಟ್ಟಿದ್ದೇವೆ. ದಯಮಾಡಿ ಇಲ್ಲಿಗೇ ಬಂದು ತಿನ್ನಬೇಕು, ಬೇರೆಡೆಗೆ ಸಾಗಿಸಲು ಅನುಮತಿಯಿಲ್ಲ.