ವರಲಕ್ಷ್ಮಿಯ ಮಾತ್ರೆ, ಕನಕರಾಜನ ಹುಳ

“ಈ ಸಲ ನಮ್ಮ ಹುಳ ನಾನು ಹೇಳಿದ ದಿವಸವೇ ಹಣ್ಣಾಗಿ ಗೂಡು ಕಟ್ಬೇಕು, ನೋಡ್ತಿರಮ್ಮ!” ಎಂದು ಶಿಡ್ಲಘಟ್ಟದ ಆಚೆಯ ರೇಷ್ಮೆ ಬೆಳೆಗಾರ ಕನಕರಾಜ ತಾಯಿ ಅಮ್ಮಾಜಮ್ಮನ ಮುಂದೆ ಎದೆ ತಟ್ಟಿದ.

ಈ ಧೈರ್ಯ ಬಂದದ್ದು ಹೆಂಡತಿಯ ಮಾತ್ರೆಯಿಂದ. ಮೊದಲೆಲ್ಲ ಮುಟ್ಟಿಗೆ ಮುಂಚಿನ ವಾರ ವರಲಕ್ಷ್ಮಿಗೆ ತಲೆ ಸಿಡಿತ, ಅಳು, ಕೆಂಡದಂಥ ಕೋಪ. ಅವಳು ಇಲ್ಲಿ ಗುಡುಗಿದರೆ ನಂದಿಬೆಟ್ಟದ ಕೋತಿಗಳು ಮರ ಬದಲಾಯಿಸುತ್ತಿದ್ದವು! ಚಿಂತಾಮಣಿಯ ಡಾಕ್ಟರಮ್ಮ ಹಾರ್ಮೋನು ಮಾತ್ರೆ ಕೊಟ್ಟು, “ಒಂದು ದಿವಸಾನೂ ತಪ್ಪಿಸ್ಬೇಡಮ್ಮ” ಎಂದರು. ಬರಬರುತ್ತಾ ಮನೆ ತಣ್ಣಗಾಯಿತು. ವರಲಕ್ಷ್ಮಿ ಹಾಡಿಕೊಂಡು ಸೊಪ್ಪು ಕತ್ತರಿಸತೊಡಗಿದಳು.

ಪಕ್ಕದ ತೋಟದವರು ಹುಳಕ್ಕೂ ಎಂಥದೋ ಹಾರ್ಮೋನು ಚಿಮುಕಿಸಿ, ಎಲ್ಲವನ್ನೂ ಒಟ್ಟಿಗೆ ಹಣ್ಣು ಮಾಡಿ ಗೂಡು ಕಟ್ಟಿಸಿದ್ದರು. ವರಲಕ್ಷ್ಮಿಯನ್ನೇ ಪಳಗಿಸಿದ ಮಾತ್ರೆಗೆ ಹುಳ ಯಾವ ಲೆಕ್ಕ? ಕನಕರಾಜ ಇದ್ದ ಮಾತ್ರೆಯನ್ನೆಲ್ಲ ಪುಡಿ ಮಾಡಿ, ನೀರಿಗೆ ಕಲಸಿ, ಹಿಪ್ಪುನೇರಳೆ ಸೊಪ್ಪಿಗೆ ಚಿಮುಕಿಸಿಯೇಬಿಟ್ಟ!

“ರೀ, ನನ್ನ ಮಾತ್ರೆ ಎಲ್ಲಿ?”

“ಹುಳಕ್ಕೆ ಹಾಕ್ದೆ ಕಣೇ.”

“ಯಾಕೆ, ಹುಳಾನೂ ನಿಮ್ಮನ್ನ ಬೈತಿದ್ವಾ?”

“ನೋಡು, ಮಾತ್ರೆ ತಪ್ಪಿದ ತಕ್ಷಣ ಕೋಪ ಶುರುವಾಯ್ತು!”

“ಬೆಳಿಗ್ಗೆ ತಾನೇ ನುಂಗಿದೀನಿ! ಇದು ಕಾಯಿಲೆ ಕೋಪ ಅಲ್ಲ, ಅಪ್ಪಟ ನನ್ನ ಕೋಪ! ತಿಂಗಳಿಗೊಂದು ವಾರ ನನ್ನ ತಲೆ ನನ್ನ ಕೈಲಿರ್ತಿರಲಿಲ್ಲ. ಈಗಷ್ಟೇ ವಾಪಸ್ ಸಿಕ್ಕಿತ್ತು. ಅದನ್ನ ಹುಳಕ್ಕೆ ಮೇಯಿಸಿದ್ರಲ್ರೀ!”

ಚೀಟಿಯಿಲ್ಲದೆ ಅಂಗಡಿಯವರು ಮಾತ್ರೆ ಕೊಡಲಿಲ್ಲ, ಡಾಕ್ಟರಮ್ಮ ಊರಲ್ಲಿರಲಿಲ್ಲ. ಮಾತ್ರೆ ನಿಂತ ಮೂರನೇ ಬೆಳಿಗ್ಗೆಯೇ ವರಲಕ್ಷ್ಮಿ ಅಕಾಲದಲ್ಲಿ ಮುಟ್ಟಾದಳು. ಅದೇ ಬೆಳಿಗ್ಗೆ ಹುಳಗಳೂ, ಯಾವ ಮಾತ್ರೆಯ ಹಂಗೂ ಇಲ್ಲದೆ, ತಮ್ಮ ಕಾಲಕ್ಕೆ ತಾವು ಹಣ್ಣಾದವು! ಸಂಜೆಯೊಳಗೆ ಆಯ್ದು, ಗೂಡು ಕಟ್ಟುವ ಬಿದಿರು ತಟ್ಟೆಯಾದ ಚಂದ್ರಿಕೆಗೆ ಬಿಡದಿದ್ದರೆ ಬೆಳೆಯೇ ಹಾಳು. ಆದರೆ ಮುಟ್ಟಾದವರು ಹುಳದ ಮನೆ ಮೆಟ್ಟಬಾರದೆಂಬುದು ಅಮ್ಮಾಜಮ್ಮನ ಕಟ್ಟಪ್ಪಣೆ.

ವರಲಕ್ಷ್ಮಿ ಜಗಲಿಯ ಮೇಲೆ ಕಾಲು ಚಾಚಿ ಕೂತಳು. ಒಳಗೆ ಕೋಟಿ ಹುಳ, ಕನಕರಾಜನಿಗೆ ಎರಡೇ ಕೈ! ಯಾವ ಹುಳ ಹಣ್ಣು, ಯಾವುದು ಇನ್ನೂ ಕಾಯಿ ಎಂದು ಒಂದೇ ನೋಟಕ್ಕೆ ಹೇಳುವವಳು ಹೊರಗಿದ್ದಳು. ಗೋಡೆ, ಸೂರು, ಅವನ ಕಿವಿ, ಹುಳ ಹತ್ತದ ಜಾಗವಿಲ್ಲ.

“ಶಾಸ್ತ್ರ ಗೀಸ್ತ್ರ ಆಮೇಲೆ ನೋಡ್ಕೊಳ್ಳಣ, ಒಳಗೆ ಬಾರೇ!”

“ಇವತ್ತು ಬಂದ್ರೆ ಎಲ್ಲಾ ತಿಂಗಳೂ ಬರ್ತೀನಿ. ನಿಮ್ಮಮ್ಮನ್ನ ಕೇಳಿ.”

ಅಮ್ಮಾಜಮ್ಮ ನೆಲಕ್ಕೆ ಉದುರಿದ ಹುಳಗಳನ್ನು ನೋಡಿದಳು, ಮಗನನ್ನು ನೋಡಿದಳು.

“ಎಲ್ಲಾ ತಿಂಗಳೂ ಬಾರಮ್ಮ ತಾಯಿ! ಒರೇಯ್ ಕನಕಾ, ಈ ಮನೆಗೆ ಮೈಲಿಗೆ ಆಗಿರೋದು ನಿನ್ನಿಂದ. ಮೂರು ದಿವಸ ನೀನು ಆಚೆ ಕೂತ್ಕೋ!”