ಓಟಗಾತಿಯ ಜೊತೆ ಮಾತಾಡತಕ್ಕ ಸಿಬ್ಬಂದಿ

ನಗರದ ಸಾರ್ವಜನಿಕ ಉದ್ಯಾನದೊಳಗಿನ ಓಟದ ಪಥವು ನಾನೂರು ಮೀಟರ್ ಉದ್ದವಿದ್ದು, ಅದರ ಮೇಲೆ ಒಂದು ಪಾಸಿಗೆ ಒಬ್ಬರಂತೆ ಮಾತ್ರ ಓಡತಕ್ಕದ್ದು ಎಂಬುದು ಉದ್ಯಾನ ಕಚೇರಿಯ ಏಳನೇ ನಿಯಮ. ಈ ನಿಯಮವನ್ನು ಅದುವರೆಗೆ ಯಾರೂ ಮುರಿದಿರಲಿಲ್ಲ. ಮುರಿಯುವುದು ಹೇಗೆಂದೇ ಯಾರಿಗೂ ಹೊಳೆದಿರಲಿಲ್ಲ.

ಮೊದಲು ಮುರಿದವಳು ಹೊಲಿಗೆ ಮೆಷಿನ್ ರಿಪೇರಿ ಮಾಡುವ ಹೆಂಗಸು. ಜನರ ಬಾಯಲ್ಲಿ ಅವಳು ಮೆಷಿನ್ ಅಕ್ಕ. ಗುಂಡಿ-ದಾರದ ಅಂಗಡಿಗೆ ಅಂಟಿಕೊಂಡ ಒಂದು ಕಿರುಕೋಣೆಯಲ್ಲಿ ಅವಳ ಕೆಲಸ. ಬೆಲ್ಟು ಸಡಿಲಾದ, ಸೂಜಿ ಮುರಿಯುವ, ಹೊಲಿಗೆ ಬಿಟ್ಟುಬಿಟ್ಟು ಹಾಕುವ ಮೆಷಿನ್‌ಗಳ ಮುಂದೆ ದಿನವಿಡೀ ಬಗ್ಗಿ ಕೂರಬೇಕು. ಸಂಜೆಯ ಹೊತ್ತಿಗೆ ಬೆನ್ನು ಬಿಲ್ಲಿನಂತಾಗುತ್ತಿತ್ತು. ಅದಕ್ಕೇ ದಿನಾ ಬೆಳಿಗ್ಗೆ ಆರಕ್ಕೆ ಅರ್ಧ ಗಂಟೆ ಓಡುತ್ತಿದ್ದಳು. ಹನ್ನೊಂದು ವರ್ಷದ ಅಭ್ಯಾಸ. ಬಸುರಾದ ಮೇಲೂ ಬಿಡಲಿಲ್ಲ. ಡಾಕ್ಟರೂ ಬಿಡು ಅಂದಿರಲಿಲ್ಲ. ನಿಜ ಹೇಳಬೇಕೆಂದರೆ ಅವಳಿಗೆ ಒಳಗೊಳಗೇ ದಿಗಿಲು. ಮೊದಲನೇ ಬಸುರು, ಕೂತರೆ ನಿಂತರೆ ಏನೇನೋ ಯೋಚನೆ. ಓಡುವ ಆ ಅರ್ಧ ಗಂಟೆ ಮಾತ್ರ ಭಯ ಅವಳಿಗಿಂತ ನಾಲ್ಕು ಹೆಜ್ಜೆ ಹಿಂದೆ ಬೀಳುತ್ತಿತ್ತು.

ಐದನೇ ತಿಂಗಳ ಒಂದು ಮಂಗಳವಾರ ಗೇಟಿನ ಗುಮಾಸ್ತ ಅವಳನ್ನು ತಡೆದ. ಇಪ್ಪತ್ತೆರಡು ವರ್ಷದಿಂದ ಗೇಟಿನ ಗೂಡಿನಲ್ಲಿ ಕೂತು ಪಾಸುಗಳಿಗೆ ಸೀಲು ಒತ್ತುತ್ತಿದ್ದ ಆತನನ್ನು ಎಲ್ಲರೂ ಸೀಲಪ್ಪ ಎಂದೇ ಕರೆಯುತ್ತಿದ್ದರು. ಒಳ್ಳೆಯ ಮನುಷ್ಯ, ಸ್ವಲ್ಪ ದಪ್ಪ.

"ಒಬ್ಬರೇನಾ ಅಕ್ಕ?"

"ಕಾಣಿಸಲ್ವಾ?"

"ಕಾಣಿಸ್ತಿದೆ, ಅದಕ್ಕೇ ಕೇಳಿದ್ದು." ಹೆಂಗಸರ ಹೊಟ್ಟೆ ನೋಡುವುದು ಸಭ್ಯತೆಯಲ್ಲವೆಂದು ಅದರ ಪಕ್ಕದ ಗಾಳಿಯನ್ನು ನೋಡುತ್ತ ಹೇಳಿದ, "ಪಾಸು ಒಂದಿದೆ. ಓಡೋರು ಇಬ್ಬರಿದ್ದಾರೆ."

"ಇನ್ನೂ ಹುಟ್ಟೇ ಇಲ್ವಲ್ಲಪ್ಪ!"

"ಹುಟ್ಟದೇ ಇರೋರು ಓಡಬಾರದು ಅಂತ ನಾನೆಲ್ಲಿ ಹೇಳಿದೆ? ಪಾಸು ಇರಬೇಕು, ಅಷ್ಟೇ."

ವಿಷಯ ಮೇಲ್ವಿಚಾರಕರ ಮೇಜಿಗೆ ಹೋಯಿತು. ಮೇಲ್ವಿಚಾರಕರು ಸಹಿ ಹಾಕುವ ಮೊದಲು ಪೆನ್ನಿನ ಮುಚ್ಚಳವನ್ನು ಎರಡು ಸಲ ತೆಗೆದು ಎರಡು ಸಲ ಹಾಕುವಷ್ಟು ಜಾಗರೂಕರು. ಒಣಗಿದ ಗಿಡಗಳ ಪಟ್ಟಿ ಬಿಟ್ಟರೆ ಆ ಕಚೇರಿಗೆ ಹೊಸ ವಿಷಯವೊಂದು ಬಂದು ಆರು ವರ್ಷವಾಗಿತ್ತು. ಅವರ ಕಣ್ಣು ಮಿನುಗಿತು. ಅವಳಿಗೆ ಕುರ್ಚಿ ಕೊಟ್ಟು, ನೀರು ಕೊಟ್ಟು, ಆಮೇಲೆ ಅರ್ಜಿ ನಮೂನೆ ಕೊಟ್ಟರು.

"ಹೆಸರು?"

"ಇನ್ನೂ ಇಟ್ಟಿಲ್ಲ ಸರ್."

"ಹುಟ್ಟಿದ ತಾರೀಕು?"

"ಇನ್ನೂ ನಾಲ್ಕು ತಿಂಗಳಿದೆ."

"ಮುಂದಿನ ತಾರೀಕು ಹಾಕೋ ಹಾಗಿಲ್ಲ. ಖಾಲಿ ಬಿಡೋ ಹಾಗೂ ಇಲ್ಲ." ಅವರು ಯೋಚಿಸಿ, 'ಪರಿಶೀಲನೆಯಲ್ಲಿದೆ' ಎಂದು ತಾವೇ ತುಂಬಿದರು. "ಉದ್ಯೋಗ?"

"ಒದೆಯೋದು."

"ಸರ್ಕಾರಿಯೋ, ಖಾಸಗಿಯೋ?"

"ಸದ್ಯಕ್ಕೆ ಖಾಸಗಿ."

ಭಾವಚಿತ್ರಕ್ಕೆ ಸ್ಕ್ಯಾನಿನ ಪ್ರತಿ ಕೊಟ್ಟಳು. ಎರಡೂ ಕಿವಿ ಕಾಣುತ್ತಿಲ್ಲವೆಂದು ಅದು ಮರುದಿನವೇ ವಾಪಸು ಬಂತು. ಜೊತೆಗೆ, ಇಬ್ಬರೂ ಓಡಲು ಶಕ್ತರೆಂಬ ಡಾಕ್ಟರ ಪತ್ರ ಬರುವ ತನಕ ಅರ್ಜಿದಾರರು ಓಡತಕ್ಕದ್ದಲ್ಲ ಎಂಬ ಸೂಚನೆ.

ಅವಳು ಮನೆಗೆ ಬಂದು ಬೂಟು ಬಿಚ್ಚಿ ಮೂಲೆಗೆಸೆದಳು. ಗಂಡ ಅಚ್ಚುಕೂಟದಲ್ಲಿ ಕರಡು ತಿದ್ದುವವನು. ಸೂಚನೆಯನ್ನು ಎರಡು ಸಲ ಓದಿ, "'ಅರ್ಜಿದಾರರು' ಅನ್ನೋದಕ್ಕೆ ಒಂದು ಕಡೆ ಅರ್ಕಾವತ್ತೇ ಇಲ್ಲ" ಎಂದ. ಅವನ ಕೈಲಾದ ಸಿಟ್ಟು ಅದು.

ಆದರೆ ಅತ್ತೆ ಎದ್ದು ನಿಂತರು. ಅತ್ತೆ ನಲವತ್ತು ವರ್ಷ ಟೆಲಿಫೋನ್ ಕಚೇರಿಯಲ್ಲಿ ಕೆಲಸ ಮಾಡಿ ನಿವೃತ್ತರಾದವರು. ಬಸುರೆಂದು ಗೊತ್ತಾದಾಗಿನಿಂದ ದಿನಾ ಬೆಳಿಗ್ಗೆ ಬಾಗಿಲಲ್ಲಿ ನಿಂತು, "ಬೇಡ ಕಣೇ, ಈ ಸ್ಥಿತೀಲಿ ಯಾರಾದ್ರೂ ಓಡ್ತಾರಾ? ನಡಿ, ಮಲಕ್ಕೋ" ಎಂದು ಗೋಳಾಡುತ್ತಿದ್ದವರು. ಈಗ ಹಗ್ಗದ ಮೇಲಿದ್ದ ಒಗೆದ ಟವೆಲನ್ನು ಎಳೆದು ಹೆಗಲಿಗೆ ಹಾಕಿಕೊಂಡರು.

"ಬೇಡ ಅನ್ನೋದು ನನ್ನ ಕೆಲಸ. ನಾನು ಅತ್ತೆ, ನಾನು ಅಂತೀನಿ. ಮಧ್ಯೆ ಬಾಯಿ ಹಾಕೋಕೆ ಅವರು ಯಾರು? ನಡಿ ಡಾಕ್ಟರ ಹತ್ರ!"

"ಅತ್ತೆ, ನೀವೇ ತಾನೇ ಮಲಕ್ಕೋ ಅಂತಿದ್ದಿದ್ದು?"

"ಅದು ಬೇರೆ, ಇದು ಬೇರೆ. ಬೂಟು ಹಾಕ್ಕೋ."

ಡಾಕ್ಟರಮ್ಮ ರಕ್ತದೊತ್ತಡ ನೋಡಿ, ಮಗುವಿನ ಎದೆಬಡಿತ ಕೇಳಿಸಿ, ನಾಲ್ಕು ಸಾಲು ಬರೆದುಕೊಟ್ಟರು. 'ತಾಯಿ, ಮಗು ಇಬ್ಬರೂ ಆರೋಗ್ಯವಾಗಿದ್ದಾರೆ. ಮೊದಲಿಂದ ಓಡುವ ಅಭ್ಯಾಸವಿರುವುದರಿಂದ ಮುಂದುವರಿಸಬಹುದು. ಪಕ್ಕದವರ ಜೊತೆ ಮಾತಾಡಲು ಆಗುವಷ್ಟು ವೇಗ ಸಾಕು. ತಲೆಸುತ್ತು, ನೋವು, ಏದುಸಿರು ಬಂದರೆ ನಿಲ್ಲಿಸಬೇಕು.'

ಮೇಲ್ವಿಚಾರಕರು ಪತ್ರದಲ್ಲಿ ಒಂದೇ ಪದದ ಕೆಳಗೆ ಗೆರೆ ಎಳೆದು ಡಾಕ್ಟರಮ್ಮನಿಗೆ ಫೋನು ಮಾಡಿದರು.

"ಮೇಡಂ, ಈ 'ಪಕ್ಕದವರು' ಯಾರು?"

"ಯಾರಾದ್ರೂ ಆಗ್ಲಿ ರೀ!"

"ಯಾರಾದರೂ ಅನ್ನೋ ಹುದ್ದೆ ನಮ್ಮಲ್ಲಿಲ್ಲ ಮೇಡಂ."

ಹುದ್ದೆ ಇಲ್ಲವೆಂದ ಮೇಲೆ ಸೃಷ್ಟಿಸಬೇಕಾಯಿತು. ಮೂರು ದಿನದಲ್ಲಿ ಸೂಚನಾ ಫಲಕದ ಮೇಲೆ ಆದೇಶ ಬಂತು:

'ಗರ್ಭಿಣಿ ಓಟಗಾತಿಯ ಜೊತೆ ಮಾತಾಡತಕ್ಕ ಸಿಬ್ಬಂದಿ ಎಂಬ ಹುದ್ದೆಯನ್ನು ಈ ಮೂಲಕ ಸೃಜಿಸಲಾಗಿದೆ. ಸದರಿ ಸಿಬ್ಬಂದಿಯು ಓಟಗಾತಿಯ ಎಡಕ್ಕೆ ಎರಡು ಮೊಳ ಅಂತರದಲ್ಲಿ ಓಡುತ್ತ, ಪ್ರತಿ ನೂರು ಮೀಟರಿಗೆ ಕನಿಷ್ಠ ಒಂದು ಪ್ರಶ್ನೆ ಕೇಳತಕ್ಕದ್ದು. ಹವಾಮಾನ, ತರಕಾರಿ ಮತ್ತು ನಿದ್ರೆ, ಇವು ಅನುಮೋದಿತ ವಿಷಯಗಳು. ಬಡ್ತಿ, ವರ್ಗಾವಣೆ ಹಾಗೂ ಮೇಲ್ವಿಚಾರಕರ ಬಗ್ಗೆ ಮಾತಾಡತಕ್ಕದ್ದಲ್ಲ. "ಹೂಂ" ಎಂಬುದನ್ನು ಉತ್ತರವೆಂದು ಪರಿಗಣಿಸಲಾಗುವುದಿಲ್ಲ. ಮಾತು ನಿಂತಲ್ಲಿ ಓಟವೂ ನಿಲ್ಲತಕ್ಕದ್ದು.'

ಹೊಟ್ಟೆಯೊಳಗಿನ ಎರಡನೇ ವ್ಯಕ್ತಿಗೂ ಪಾಸು ಬಂತು. ಅದರ ಹಿಂಬದಿಯಲ್ಲಿ 'ನೆಲ ಮುಟ್ಟದೆ ಓಡತಕ್ಕದ್ದು' ಎಂದು ಷರತ್ತಿತ್ತು. ಇದುವರೆಗೆ ಆ ಷರತ್ತಿನ ಉಲ್ಲಂಘನೆಯಾಗಿಲ್ಲ.

ಹೊಸ ಹುದ್ದೆಗೆ ಸೀಲಪ್ಪನನ್ನೇ ನೇಮಿಸಿದರು. ಸೋಮವಾರ ಬೆಳಿಗ್ಗೆ ಅವನು ಕಚೇರಿಯ ಚಪ್ಪಲಿಯಲ್ಲೇ ಗೆರೆಯ ಬಳಿ ಬಂದು ನಿಂತ. ಮೊದಲ ಐವತ್ತು ಮೀಟರ್ ಚೆನ್ನಾಗಿಯೇ ಹೋಯಿತು.

"ಇವತ್ತು... ಬಿಸಿಲು... ಹೇಗಿದೆ ಅಕ್ಕ?"

"ಸೂರ್ಯನೇ ಇನ್ನೂ ಹುಟ್ಟಿಲ್ಲ. ನಿಮಗೆ ಹೇಗಿದೆ?"

"ಬದನೆ..." ಅಂದ ಸೀಲಪ್ಪ. ಮುಂದಿನ ಮಾತು ಹೊರಡಲಿಲ್ಲ. ಬದನೆಕಾಯಿಗೆ ಏನಾಯಿತೆಂದು ತಿಳಿಯುವ ಮೊದಲೇ ಹುಲ್ಲಿನ ಮೇಲೆ ಕೂತುಬಿಟ್ಟ. ಮಾತು ನಿಂತಿತು. ನಿಂತ ಮಾತು ಯಾರದ್ದೆಂದು ಆದೇಶದಲ್ಲಿ ಹೇಳಿರಲಿಲ್ಲವಾದ್ದರಿಂದ ಅವಳ ಓಟವೂ ನಿಂತಿತು. ಹನ್ನೊಂದು ವರ್ಷದಲ್ಲಿ ಅವಳು ಓಡಿದ ಅತಿ ಕಡಿಮೆ ದೂರ ಅದು, ನೂರೈವತ್ತು ಮೀಟರ್. ಬೆವರೂ ಬಂದಿರಲಿಲ್ಲ. ಆ ದಿನ ಅಂಗಡಿಯಲ್ಲಿ ಅವಳ ಕೈಯಲ್ಲೇ ಎರಡು ಸೂಜಿ ಮುರಿದವು.

ಮರುದಿನ ಅವಳು ಹಟ ಹಿಡಿದಳು. ತಾನು ಓಡಬೇಕಾದರೆ ಸೀಲಪ್ಪ ಓಡಬೇಕು. ಬೇರೆ ದಾರಿ ಇರಲಿಲ್ಲ. "ಚಪ್ಪಲಿ ಬಿಡಿ, ಬೂಟು ತಗೊಳ್ಳಿ. ಮೂಗಲ್ಲಿ ಉಸಿರು ಎಳ್ಕೊಳ್ಳಿ, ಬಾಯಲ್ಲಿ ಬಿಡಿ. ನಾನು ನಿಧಾನವಾಗಿ ಬರ್ತೀನಿ, ನೀವು ನನ್ನ ಹೆಜ್ಜೆಗೆ ಹೆಜ್ಜೆ ಹಾಕಿ" ಎಂದು ಮೆಷಿನ್‌ಗೆ ಎಣ್ಣೆ ಬಿಡುವಷ್ಟೇ ತಾಳ್ಮೆಯಿಂದ ಅವನನ್ನು ಸರಿಮಾಡತೊಡಗಿದಳು. ಬಸುರಿ ಹೆಂಗಸು ಗುಮಾಸ್ತನಿಗೆ ದಮ್ಮು ಕಲಿಸುವುದನ್ನು ಅತ್ತೆ ಕಲ್ಲುಬೆಂಚಿನ ಮೇಲೆ ಕೂತು ನೋಡುತ್ತ, "ಎಡಗಾಲು ಎತ್ತಯ್ಯಾ, ಎಳೀಬೇಡ!" ಎಂದು ಕೂಗುತ್ತಿದ್ದರು. ಮೂರು ವಾರದಲ್ಲಿ ಅವನು ಎರಡು ಸುತ್ತು ಬಂದ. ಐದನೇ ವಾರದಲ್ಲಿ ಬದನೆಕಾಯಿಯ ಬಗ್ಗೆ ಪೂರ್ತಿ ಒಂದು ವಾಕ್ಯ ಹೇಳಿದ.

ಅಷ್ಟರಲ್ಲಿ ಸೀಲಪ್ಪನಿಗೆ ಬೂಟು ಭತ್ಯೆ ಮಂಜೂರಾದ ಸುದ್ದಿ ಕಚೇರಿಯಲ್ಲಿ ಹಬ್ಬಿತು. ಸೀಲಪ್ಪ ನಿಜವಾಗಿ ಮಾತಾಡುತ್ತಿದ್ದಾನೆಯೇ ಎಂದು ನೋಡಲು ಒಬ್ಬರು ಬೇಡವೇ ಎಂದು ಬೆರಳಚ್ಚುಗಾರ್ತಿ ಕೇಳಿದಳು. ಬೇಕೆಂದು ತೀರ್ಮಾನವಾಗಿ ಅವಳನ್ನೇ ಹಾಕಿದರು. ಆಡಿದ ಮಾತನ್ನು ಬರೆದುಕೊಳ್ಳಲು ದಫ್ತರದವನು, ಬರೆದದ್ದನ್ನು ತಾಳೆ ನೋಡಲು ಹಿರಿಯ ತೋಟಗಾರ, ನೀರಿನ ಬಾಟಲಿಗೆ ಒಬ್ಬ, ಖಾಲಿ ಬಾಟಲಿಗೆ ಇನ್ನೊಬ್ಬ. ಮಂಡಿನೋವೆಂದು ಆರು ತಿಂಗಳು ರಜೆಯಲ್ಲಿದ್ದ ಉಗ್ರಾಣದವನು, ಮಂಡಿನೋವಿಗೆ ಓಟವೇ ಮದ್ದೆಂದು ಪತ್ರ ತಂದು ಸೇರಿಕೊಂಡ. ಏಳನೇ ತಿಂಗಳ ಹೊತ್ತಿಗೆ ಮೆಷಿನ್ ಅಕ್ಕನ ಹಿಂದೆ ಹನ್ನೊಂದು ಜನ ಹೊಸ ಬೂಟಿನಲ್ಲಿ ಓಡುತ್ತಿದ್ದರು. ಅವಳು ತಿರುವಿನಲ್ಲಿ ಹೊಟ್ಟೆ ಹಿಡಿದುಕೊಂಡರೆ ಹನ್ನೊಂದು ಜನವೂ ತಂತಮ್ಮ ಹೊಟ್ಟೆ ಹಿಡಿದುಕೊಳ್ಳುತ್ತಿದ್ದರು. ಹಾಗೆ ಮಾಡಬೇಕೆಂದು ಆದೇಶವಿರಲಿಲ್ಲ, ಮಾಡಬಾರದೆಂದೂ ಇರಲಿಲ್ಲ.

ಅಂಥದೊಂದು ಬೆಳಿಗ್ಗೆ ಸೀಲಪ್ಪ ನಿಯಮದಂತೆ ಕೇಳಿದ, "ನಿದ್ದೆ ಹೇಗಿದೆ ಅಕ್ಕ?"

"ಬರಲ್ಲ ಸೀಲಪ್ಪ."

"ಯಾಕೆ?"

ಅವಳು ಒಮ್ಮೆ ಹಿಂದಿರುಗಿ ನೋಡಿದಳು. ಹಿಂದೆ ಬರೆಯುವವನ ಪೆನ್ನು ಕಾಯುತ್ತಿತ್ತು. "ಭಯ ಆಗುತ್ತೆ. ಗಂಡನಿಗೆ ಹೇಳಿದ್ರೆ ಅವರೂ ಹೆದರ್ತಾರೆ. ಅತ್ತೆಗೆ ಹೇಳಿದ್ರೆ ಓಟ ಬಿಡಿಸ್ತಾರೆ."

"ನಮ್ಮನೇವಳಿಗೂ ಹೀಗೇ ಆಗ್ತಿತ್ತು. ಅವಳು ಹೇಳ್ತಾನೂ ಇದ್ಲು. ನಾನು ಗೂಡಲ್ಲಿ ಕೂತು ಕೂತು, ಮನೇಲೂ ಹೂಂ ಅಂತಷ್ಟೇ ಅಂತಿದ್ದೆ." ಸೀಲಪ್ಪ ಉಸಿರು ಬಿಟ್ಟ. "ಹೂಂ ಅನ್ನೋದು ಉತ್ತರ ಅಲ್ಲ ಅಂತ ಈ ಆದೇಶ ಬಂದ ಮೇಲೇ ನಂಗೆ ಗೊತ್ತಾಗಿದ್ದು. ನೀವು ಹೇಳಿ ಅಕ್ಕ. ಇನ್ನೂ ನಾಲ್ಕು ಸುತ್ತು ಇದೆ."

ಅವಳು ಹೇಳಿದಳು. ನಾಲ್ಕು ಸುತ್ತೂ ಹೇಳಿದಳು. ಎರಡನೇ ಸುತ್ತಿನಲ್ಲಿ ಬೆರಳಚ್ಚುಗಾರ್ತಿ ಕಣ್ಣೊರೆಸಿಕೊಂಡಳು. ಬರೆಯುವವನು ಮಾತ್ರ ಮುಂದೆ ಬಂದು ತಗ್ಗಿದ ದನಿಯಲ್ಲಿ ಕೇಳಿದ, "'ಭಯ' ಅನುಮೋದಿತ ವಿಷಯದಲ್ಲಿ ಬರಲ್ಲ. ತರಕಾರಿ ಕೆಳಗೆ ಬರ್ಕೊಳ್ಳಲಾ?"

"ನಿದ್ದೆ ಕೆಳಗೆ ಬರ್ಕೊಳ್ಳಪ್ಪ," ಅಂದಳು ಅವಳು, ನಗುತ್ತ. ಅವತ್ತು ರಾತ್ರಿ ಅವಳಿಗೆ ಗಡದ್ದು ನಿದ್ದೆ ಬಂತು ಎಂಬುದು ಮರುದಿನದ ದಾಖಲೆಯಲ್ಲಿದೆ.

ಎಂಟನೇ ತಿಂಗಳಲ್ಲಿ ಕಾಲು ಊದಿಕೊಂಡಿತು. ಇನ್ನು ನಡೆದರೆ ಸಾಕು ಎಂದರು ಡಾಕ್ಟರಮ್ಮ. ನಡಿಗೆಗೆ ಬೂಟು ಭತ್ಯೆ ಸಲ್ಲುತ್ತದೆಯೇ ಎಂದು ಸಿಬ್ಬಂದಿ ಕಂಗಾಲಾದಾಗ, 'ನಡಿಗೆಯನ್ನು ಮಂದಗತಿಯ ಓಟವೆಂದು ಓದಿಕೊಳ್ಳತಕ್ಕದ್ದು' ಎಂಬ ತಿದ್ದುಪಡಿ ಬಂತು. ಹನ್ನೆರಡು ಜನ ಒಬ್ಬರ ಹಿಂದೊಬ್ಬರು ಗಂಭೀರವಾಗಿ ಮಂದಗತಿಯಲ್ಲಿ ಓಡಿದರು. ಅವರನ್ನು ಇರುವೆ ಸಾಲೊಂದು ದಾಟಿಹೋದದ್ದನ್ನು ಅತ್ತೆ ಕಣ್ಣಾರೆ ಕಂಡರು.

ಒಂಬತ್ತು ತುಂಬಿದ ಮೇಲೆ ಒಂದು ಮಧ್ಯಾಹ್ನ, ಮೆಷಿನ್ನಿಗೆ ಬೆಲ್ಟು ಬಿಗಿಯುತ್ತಿದ್ದಾಗಲೇ ನೋವು ಕಾಣಿಸಿಕೊಂಡಿತು. ಬೆಲ್ಟು ಬಿಗಿದು ಮುಗಿಸಿಯೇ ಎದ್ದಳು. ಸಂಜೆಗೆ ಹೆಣ್ಣುಮಗು, ಕೂಗು ಬೀದಿಗೆ ಕೇಳುವಷ್ಟು ಗಟ್ಟಿ. ಗಂಡ ಮಗುವನ್ನು ಎತ್ತಿಕೊಂಡು ಅಡಿಯಿಂದ ಮುಡಿಯವರೆಗೆ ನೋಡಿ, "ಒಂದೂ ತಪ್ಪಿಲ್ಲ" ಅಂದ.

ಮರುದಿನ ಬೆಳಿಗ್ಗೆ ಆಸ್ಪತ್ರೆಗೆ ಮೇಲ್ವಿಚಾರಕರು ಹೂವು ಮತ್ತು ಕಡತದ ಸಮೇತ ಬಂದರು. ಹಿಂದೆ ಸೀಲಪ್ಪ ತಲೆ ತಗ್ಗಿಸಿ ನಿಂತಿದ್ದ.

"ತುಂಬಾ ಸಂತೋಷ ಅಮ್ಮಾ. ಒಂದು ಸಣ್ಣ ತೊಡಕು. ಹೆರಿಗೆ ಆದ್ದರಿಂದ ಕಡತ ಮುಗೀತು. ಕಡತ ಮುಗಿದ್ರೆ ಹನ್ನೊಂದು ಹುದ್ದೆ ರದ್ದಾಗುತ್ತೆ." ಅವರು ಪೆನ್ನಿನ ಮುಚ್ಚಳ ತೆಗೆದು ಹಾಕಿದರು. "ಅದಕ್ಕೇ... ಎರಡನೇದರ ಬಗ್ಗೆ ಏನಾದರೂ ಯೋಚನೆ..."

"ಇದಕ್ಕೆ ಇನ್ನೂ ಒಂದು ದಿನ ತುಂಬಿಲ್ಲ ಸ್ವಾಮಿ!" ಅಂದರು ಅತ್ತೆ. "ನಿಮ್ಮ ಕಡತಕ್ಕೆ ನಮ್ಮ ಸೊಸೇನೇ ಬೇಕಾ? ಊರಲ್ಲಿ ಬೇರೆ ಬಸುರೀರಿಲ್ವಾ?"

ಮೇಲ್ವಿಚಾರಕರು ಕಡತ ಬಿಚ್ಚಿ ಅದನ್ನು ಬರೆದುಕೊಂಡರು. ಈ ದಿಕ್ಕಿನಲ್ಲಿ ಅವರು ಯೋಚಿಸಿಯೇ ಇರಲಿಲ್ಲ. ವಾರದೊಳಗೆ ಗೋಡೆಗೋಡೆಯ ಮೇಲೆ ಪ್ರಕಟಣೆ ಬಿತ್ತು: 'ಉದ್ಯಾನ ಕಚೇರಿಗೆ ಗರ್ಭಿಣಿಯರು ತುರ್ತಾಗಿ ಬೇಕಾಗಿದ್ದಾರೆ. ಡಾಕ್ಟರ ಪತ್ರ ಕಡ್ಡಾಯ. ಓಟಗಾತಿಯರಿಗೆ ಓಟ, ಉಳಿದವರಿಗೆ ಮಂದಗತಿಯ ಓಟ. ಮಾತಾಡಲು ಜನ ಕೊಡಲಾಗುವುದು.'

ಕೊನೆಯ ಸಾಲು ಓದಿಯೇ ಬಂದರೆಂದು ಕಾಣುತ್ತದೆ. ಮೊದಲು ಬಸ್ ಕಂಡಕ್ಟರ್ ಹೆಂಗಸೊಬ್ಬಳು ಬಂದಳು. ಆಮೇಲೆ ಬೇಕರಿಯವಳು, ಒಬ್ಬ ವಕೀಲೆ, ಅವಳಿ ಮಕ್ಕಳಿಗೆ ಎರಡು ಪಾಸು ಕೇಳಿದ ಸಂಗೀತದ ಮೇಷ್ಟ್ರಮ್ಮ. ತಿಂಗಳೊಳಗೆ ಇಪ್ಪತ್ತಮೂರು ಜನ. ಮಾತಾಡಲು ಸಿಬ್ಬಂದಿ ಸಾಲದೆ ಇಡೀ ಕಚೇರಿಯೇ ಪಥಕ್ಕಿಳಿಯಿತು. ಕೊನೆಗೆ ಮೇಲ್ವಿಚಾರಕರೂ ಪ್ಯಾಂಟು ಮಡಚಿ ವಕೀಲೆಯ ಎಡಕ್ಕೆ ಎರಡು ಮೊಳ ದೂರದಲ್ಲಿ ಓಡತೊಡಗಿದರು. ಕಚೇರಿಯ ಬಾಗಿಲಿಗೆ ಹಲಗೆ ಬಿತ್ತು: 'ಕಚೇರಿ ಓಡುತ್ತಿದೆ. ಅರ್ಜಿದಾರರು ಪಕ್ಕದಲ್ಲಿ ಓಡಿಬರುವುದು.'

ಹೆರಿಗೆಯಾದ ನಾಲ್ಕನೇ ತಿಂಗಳಿಗೆ ಡಾಕ್ಟರಮ್ಮ ಹೂಂ ಎಂದ ಮೇಲೆ ಮೆಷಿನ್ ಅಕ್ಕ ಮತ್ತೆ ಪಥಕ್ಕೆ ಬಂದಳು. ಮಗು ಅತ್ತೆಯ ಮಡಿಲಲ್ಲಿತ್ತು. ಅವಳು ಹೊರಗಿನ ಸಾಲಿನಲ್ಲಿ ಒಬ್ಬಳೇ ಓಡುತ್ತಿದ್ದಳು. ಒಳಗಿನ ಸಾಲುಗಳಲ್ಲಿ ಕಚೇರಿ ಓಡುತ್ತಿತ್ತು. ಉದ್ಯಾನದ ದೀಪ ಕೆಟ್ಟಿದೆಯೆಂದು ಅರ್ಜಿ ಹಿಡಿದ ಮುದುಕರೊಬ್ಬರು ಮೇಲ್ವಿಚಾರಕರ ಪಕ್ಕ ತುರುತುರು ಹೆಜ್ಜೆ ಹಾಕುತ್ತಿದ್ದರು. ಮೂರನೇ ಸುತ್ತಿನ ತಿರುವಿನಲ್ಲಿ ಮೇಲ್ವಿಚಾರಕರು ಕಾಗದವನ್ನು ಸೀಲಪ್ಪನ ಬೆನ್ನಿಗಿಟ್ಟು ಸಹಿ ಹಾಕಿದರು. ಓಡುವಾಗ ಪೆನ್ನಿನ ಮುಚ್ಚಳ ಹಾಕಲು ತೆಗೆಯಲು ಪುರಸೊತ್ತಿರಲಿಲ್ಲ.

"ಆಯ್ತಾ ತಾತ?" ಎಂದು ಮೆಷಿನ್ ಅಕ್ಕ ಕೇಳಿದಳು.

"ಆಯ್ತು ತಾಯಿ!" ಮುದುಕರು ಬೆವರೊರೆಸಿಕೊಂಡು ಹಲ್ಲಿಲ್ಲದ ಬಾಯಿ ಬಿಟ್ಟು ನಕ್ಕರು. "ಅವರು ಕೂತಿದ್ದಾಗ ಹನ್ನೊಂದು ತಿಂಗಳು ಅಲೆದಿದ್ದೆ. ಇವತ್ತು ಮೂರೇ ಸುತ್ತು."

ಈಗ ಆ ನಗರದಲ್ಲಿ ಯಾರೂ ಇದನ್ನು ವಿಶೇಷವೆಂದುಕೊಳ್ಳುವುದಿಲ್ಲ. ಅರ್ಜಿ ಬರೆಯಲು ಕೂರುವವರು 'ಮಾನ್ಯರೇ' ಎಂದು ಶುರುಮಾಡುವ ಮೊದಲು ಬೂಟಿನ ಲೇಸು ಬಿಗಿಯಾಗಿ ಕಟ್ಟಿಕೊಳ್ಳುತ್ತಾರೆ.